ವಿರಳ ಜನಾಂಗಗಳು (ಪಾತ್ರಾಭಿನಯ ಆಟ)

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳ ಕಲ್ಪಿತ ಲೋಕದಲ್ಲಿ ಸಂಖ್ಯೆಯಲ್ಲಿ ಕಡಿಮೆ ಇರುವ, ಎಲ್ಲ ಪ್ರದೇಶಗಳಲ್ಲೂ ಕಾಣಸಿಗದ ಮಾನವೇತರ ಜನವರ್ಗಗಳನ್ನು ವಿರಳ ಜನಾಂಗಗಳು ಎಂದು ಕರೆಯಲಾಗುತ್ತದೆ. ಈ ಬಗೆಯ ಆಟದಲ್ಲಿ ಒಬ್ಬರು ಸೂತ್ರಧಾರರಾಗಿ ಕಥೆಯನ್ನು ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿ ಅದರ ಪರವಾಗಿ ಮಾತನಾಡುತ್ತಾರೆ. ಫಲ ಅನಿಶ್ಚಿತವಾಗಿರುವ ಕಾರ್ಯಗಳನ್ನು ದಾಳ ಉರುಳಿಸಿ ನಿರ್ಣಯಿಸಲಾಗುತ್ತದೆ. ಪಾತ್ರದ ಜನಾಂಗವು ಅದರ ಸಾಮರ್ಥ್ಯಗಳನ್ನೂ ಲೋಕದಲ್ಲಿ ಅದಕ್ಕೆ ದೊರೆಯುವ ಸ್ಥಾನವನ್ನೂ ಪ್ರಭಾವಿಸುತ್ತದೆ. ವಿರಳ ಜನಾಂಗದ ಪಾತ್ರವೊಂದು ಆಟವನ್ನು ಪ್ರವೇಶಿಸಿದಾಗ ಸೂತ್ರಧಾರರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ಲೋಕದಲ್ಲಿ ಆ ಜೀವಿಗಳು ಒಂದು ಜನತೆಯೇ, ಅಥವಾ ಕೇವಲ ಬೇಟೆಗೆ ಸಿಗುವ ಮೃಗಗಳೇ?

ಹಿನ್ನೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ ಆಟಗಾರರು ಮನುಷ್ಯ, ಡ್ವಾರ್ಫ್, ಎಲ್ಫ್ ಅಥವಾ ಹಾಬಿಟ್ ಪಾತ್ರವನ್ನು ಆಯ್ದುಕೊಳ್ಳಬಹುದಿತ್ತು. ಇವುಗಳ ಹೊರತಾಗಿ ಬೇರಾವ ಜೀವಿಯನ್ನಾದರೂ ಆಡಬಹುದು, ಆದರೆ ದುರ್ಬಲ ಸ್ಥಿತಿಯಿಂದ ಆರಂಭಿಸಬೇಕು ಎಂಬ ಅನುಮತಿಯೂ ಇತ್ತು. ಡ್ರ್ಯಾಗನ್ ಆಗಬಯಸುವವರು ಮರಿ ಡ್ರ್ಯಾಗನ್ ಆಗಿ ತೊಡಗಬೇಕಿತ್ತು. ಡ್ವಾರ್ಫ್ ಪಾತ್ರವು 6ನೇ ಹಂತವನ್ನೂ ಹಾಬಿಟ್ ಪಾತ್ರವು 4ನೇ ಹಂತವನ್ನೂ ಮೀರಿ ಬೆಳೆಯುವಂತಿರಲಿಲ್ಲ. ಈ ಮಿತಿಗಳಿಂದ ಲೋಕದಲ್ಲಿ ಮನುಷ್ಯರ ಪ್ರಾಧಾನ್ಯ ಉಳಿಯುತ್ತಿತ್ತು. 1979ರ ಸೂತ್ರಧಾರರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ರಾಕ್ಷಸಜೀವಿಗಳನ್ನು ಆಟಗಾರರ ಪಾತ್ರವಾಗಿಸುವುದನ್ನು ನಿರುತ್ಸಾಹಗೊಳಿಸಿದರು.

2003ರ ಸ್ಯಾವೇಜ್ ಸ್ಪೀಶೀಸ್ ಪುಸ್ತಕವು ಬೇರೆ ದಾರಿ ಹಿಡಿಯಿತು. ಬಲಿಷ್ಠ ಜೀವಿಯನ್ನು ಆಯ್ದುಕೊಂಡವರ ಪಾತ್ರವನ್ನು ಕೆಲವು ಹಂತ ಮುಂದಿರುವಂತೆ ಲೆಕ್ಕ ಹಾಕಿ ಉಳಿದ ಪಾತ್ರಗಳೊಡನೆ ಸಮತೋಲನ ಸಾಧಿಸುವ ಕ್ರಮ ಅದರಲ್ಲಿ ವಿಸ್ತಾರಗೊಂಡಿತು. 2014ರ ಆಟಗಾರರ ಕೈಪಿಡಿಯು ಡ್ರ್ಯಾಗನ್‌ಬಾರ್ನ್, ನೋಮ್, ಅರೆ-ಎಲ್ಫ್, ಅರೆ-ಆರ್ಕ್ ಮತ್ತು ಟೀಫ್ಲಿಂಗ್ ಎಂಬ 5 ಜನಾಂಗಗಳನ್ನು ವಿರಳವೆಂದು ಗುರುತಿಸಿತು. ಇವು ಎಲ್ಲ ಲೋಕಗಳಲ್ಲೂ ಇರಬೇಕೆಂದಿಲ್ಲ ಎಂದು ಹೇಳಿ, ನಿರ್ಧಾರವನ್ನು ಸೂತ್ರಧಾರರಿಗೆ ಬಿಟ್ಟಿತು.

ಲೋಕದೊಳಗೆ ಹೊಂದಿಸುವ ಕ್ರಮಗಳು

ಪ್ರಕಟಿತ ಆಟದ ಲೋಕಗಳಲ್ಲಿ ವಿರಳ ಜನಾಂಗಗಳಿಗೆ ಸ್ಥಾನ ಕಲ್ಪಿಸುವ ಮೂರು ಮುಖ್ಯ ಕ್ರಮಗಳನ್ನು ಕಾಣಬಹುದು.

ಮೊದಲನೆಯದು ಭೂಗೋಳದ ಮೂಲಕ. 1991ರ ಡಾರ್ಕ್ ಸನ್ ಮರುಭೂಮಿಯ ಲೋಕ. ಅಲ್ಲಿ ಥ್ರಿ-ಕ್ರೀನ್ ಎಂಬ ಕೀಟರೂಪಿ ಬೇಟೆಗಾರರು ಸಹಜವಾಗಿ ಬಾಳುತ್ತಾರೆ; ಬೇರೆ ಲೋಕಗಳಲ್ಲಿ ಸಾಮಾನ್ಯವಾದ ನೋಮ್‌ಗಳು ಅಲ್ಲಿ ನಾಮಾವಶೇಷವಾಗಿವೆ. ಒಂದು ಜನಾಂಗದ ಇರುವಿಕೆಯಂತೆ ಇಲ್ಲದಿರುವಿಕೆಯೂ ಆ ಲೋಕದ ಚರಿತ್ರೆಯನ್ನು ಹೇಳುತ್ತದೆ.

ಎರಡನೆಯದು ಇತಿಹಾಸ ಮತ್ತು ಕಾನೂನಿನ ಮೂಲಕ. ಕೀತ್ ಬೇಕರ್ ಕಲ್ಪಿಸಿದ, 2004ರಲ್ಲಿ ಪ್ರಕಟವಾದ ಎಬರಾನ್ ಲೋಕದಲ್ಲಿ ವಾರ್‌ಫೋರ್ಜ್ಡ್ ಎಂಬ ಜನಾಂಗವಿದೆ. ಮರ, ಲೋಹಗಳಿಂದ ಯುದ್ಧಕ್ಕಾಗಿಯೇ ನಿರ್ಮಿಸಲ್ಪಟ್ಟ ಇವರಿಗೆ ಯುದ್ಧಾನಂತರದ ಒಪ್ಪಂದವು ಸ್ವಾತಂತ್ರ್ಯ ನೀಡುತ್ತದೆ, ಹೊಸಬರ ನಿರ್ಮಾಣವನ್ನು ನಿಷೇಧಿಸುತ್ತದೆ. ಆದುದರಿಂದ ಇಂತಹ ಪಾತ್ರವು ಊರಿಗೆ ಬಂದಾಗ ಜನರು ಅದನ್ನು ಹೇಗೆ ಕಾಣುತ್ತಾರೆ ಎಂಬುದಕ್ಕೆ ಲೋಕವೇ ಕಾರಣ ಒದಗಿಸುತ್ತದೆ.

ಮೂರನೆಯದು ವ್ಯಕ್ತಿಯ ಮೂಲಕ. ಇಡೀ ಜನಾಂಗವನ್ನು ವರ್ಣಿಸದೆ, ತನ್ನವರಿಂದ ದೂರವಾದ ಒಬ್ಬನೇ ಪಾತ್ರಧಾರಿಯನ್ನು ತರಲಾಗುತ್ತದೆ. ಆಗ ಅವನು ಊರು ಬಿಟ್ಟದ್ದೇಕೆ, ಅವನ ಭಾಷೆ ಬಲ್ಲವರು ಯಾರು, ಅವನಿಗೆ ಆಶ್ರಯ ಕೊಡುವವರು ಯಾರು ಎಂಬುದನ್ನು ನಿರ್ಧರಿಸಬೇಕಾಗುತ್ತದೆ.

ವಾನರರ ನಿದರ್ಶನ

ಭಾರತೀಯ ಕಥಾಲೋಕದ ಜೀವಿಗಳು ಈ ಆಟಗಳಿಗೆ ಬಹುಬೇಗನೆ ಬಂದವು. 1977ರ ಮಾನ್‌ಸ್ಟರ್ ಮ್ಯಾನ್ಯುಅಲ್‌ನಲ್ಲಿ ರಾಕ್ಷಸ ಮತ್ತು ನಾಗ ಎರಡೂ ಇವೆ. ಅಲ್ಲಿನ ಚಿತ್ರದಲ್ಲಿ ರಾಕ್ಷಸನು ಪೈಪು ಹಿಡಿದ ಹುಲಿಮುಖದವನು. ಬಂಧುಬಳಗ, ರಾಜ್ಯ, ವಿಭೀಷಣನಂತಹ ಭಿನ್ನಮತಿ ಇವಾವುವೂ ಇಲ್ಲದ ಅವನು ಕೇವಲ ಎದುರಾಳಿ.

ವಾನರರು ಆಟಗಾರರ ಪಾತ್ರಗಳಾಗಿಯೇ ಬಂದರು. ಪಾಥ್‌ಫೈಂಡರ್ ಆಟದ 2012ರ ಅಡ್ವಾನ್ಸ್ಡ್ ರೇಸ್ ಗೈಡ್ ಪುಸ್ತಕವು ವಾನರ, ನಾಗಜಿ ಮತ್ತು ವಿಷಕನ್ಯೆಯರನ್ನು ವಿರಳ ಜನಾಂಗಗಳ ವಿಭಾಗದಲ್ಲಿ ಸೇರಿಸಿದೆ. ವಾನರ ಪಾತ್ರಕ್ಕೆ ಚುರುಕುತನದಲ್ಲಿ 2, ವಿವೇಕದಲ್ಲಿ 2 ಅಂಕಗಳು ಹೆಚ್ಚುತ್ತವೆ. ಚೇಷ್ಟೆಯ ಸ್ವಭಾವವೆಂಬ ಕಾರಣಕ್ಕೆ ವರ್ಚಸ್ಸಿನಲ್ಲಿ 2 ಅಂಕ ಕಡಿಮೆಯಾಗುತ್ತದೆ. ಮಾತಿನಿಂದ ಇತರರನ್ನು ಒಲಿಸಿಕೊಳ್ಳುವ ಶಕ್ತಿ ಈ ವರ್ಚಸ್ಸಿಗೇ ಸೇರಿದ್ದು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದಲ್ಲಿ ಹನುಮಂತನ ಮೊದಲ ಭೇಟಿಯಲ್ಲೇ ರಾಮನು ಮೆಚ್ಚಿಕೊಳ್ಳುವುದು ಅವನ ಮಾತಿನ ಶುದ್ಧಿಯನ್ನು. ಜನಾಂಗವೊಂದನ್ನು ಅಂಕಗಳ ಪಟ್ಟಿಗೆ ಇಳಿಸಿದಾಗ ಆಗುವ ನಷ್ಟಕ್ಕೆ ಇದು ಸ್ಪಷ್ಟ ನಿದರ್ಶನ.

ಮೂಲ ಕಥೆಯಲ್ಲಿ ವಾನರರಿಗೆ ಮೇಲಿನ ಮೂರು ಆಧಾರಗಳೂ ಇವೆ. ಅವರಿಗೆ ಕಿಷ್ಕಿಂಧೆ ಎಂಬ ನೆಲೆಯಿದೆ; ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರೆಯ ಉತ್ತರ ದಡದ ಆನೆಗುಂದಿ ಪ್ರದೇಶವೇ ಅದು ಎಂಬುದು ಜನರ ನಂಬಿಕೆ, ಸಮೀಪದ ಅಂಜನಾದ್ರಿ ಬೆಟ್ಟವನ್ನು ಹನುಮಂತನ ಜನ್ಮಸ್ಥಳವೆಂದು ಪೂಜಿಸಲಾಗುತ್ತದೆ. ಅವರಿಗೆ ರಾಜ, ಯುವರಾಜ, ಮಂತ್ರಿಗಳು ಹಾಗೂ ಸಿಂಹಾಸನದ ಕಲಹವಿದೆ. ಸುಗ್ರೀವನು ಋಷ್ಯಮೂಕದಲ್ಲಿ ಅಡಗಿರುವುದಕ್ಕೂ ಕಾರಣವಿದೆ: ಮತಂಗ ಮುನಿಯ ಶಾಪದಿಂದಾಗಿ ವಾಲಿಯು ಅಲ್ಲಿಗೆ ಕಾಲಿಡಲಾರ. ಗಡಿಪಾರಾದ ಈ ವಾನರನು ಮನುಷ್ಯರೊಡನೆ ಸಖ್ಯ ಬೆಳೆಸುವಾಗ ಇಬ್ಬರಿಗೂ ಪರಸ್ಪರರ ಅಗತ್ಯವಿರುತ್ತದೆ. ಮನುಷ್ಯರಲ್ಲದಿದ್ದರೂ ವಾನರರನ್ನು ಓದುಗರು ಒಂದು ಜನತೆಯಾಗಿ ಒಪ್ಪುವುದು ಈ ಸಂಬಂಧಗಳಿಂದ.

ಕನ್ನಡದ ಜೈನ ಕಾವ್ಯಪರಂಪರೆ ಇದೇ ಸಮಸ್ಯೆಗೆ ಬೇರೆ ಪರಿಹಾರ ಕಂಡುಕೊಂಡಿತು. ನಾಗಚಂದ್ರನ ರಾಮಚಂದ್ರಚರಿತಪುರಾಣವು ವಿಮಲಸೂರಿಯ ಸಂಪ್ರದಾಯವನ್ನು ಅನುಸರಿಸುತ್ತದೆ. ಅದರಲ್ಲಿ ವಾನರರು ಕಪಿಗಳಲ್ಲ. ಧ್ವಜದಲ್ಲಿ ಕಪಿಯ ಲಾಂಛನವಿರುವ ವಿದ್ಯಾಧರ ವಂಶದವರು. ರಾಕ್ಷಸರೂ ಒಂದು ವಿದ್ಯಾಧರ ವಂಶವೇ. ರಾವಣನು ದುರಂತ ನಾಯಕನ ಘನತೆ ಪಡೆಯುತ್ತಾನೆ. ಹೀಗೆ ಭಿನ್ನ ಜೀವಿಗಳನ್ನು ಅವುಗಳ ಭಿನ್ನತೆಯೊಡನೆಯೇ ರಾಜ್ಯ ಕೊಟ್ಟು ಒಳಗೊಳ್ಳುವುದು, ಅಥವಾ ಭಿನ್ನತೆಯನ್ನೇ ಲಾಂಛನವಾಗಿಸಿ ಮನುಷ್ಯರ ಸಾಲಿಗೆ ತರುವುದು ಎಂಬ ಎರಡು ಆಯ್ಕೆಗಳು ಆಟದ ಸೂತ್ರಧಾರರ ಮುಂದೆಯೂ ಇರುತ್ತವೆ.

ಟೀಕೆ ಮತ್ತು ಪರಿಷ್ಕರಣೆ

ಕೆಲವು ಜನಾಂಗಗಳು ಹುಟ್ಟಿನಿಂದಲೇ ದುಷ್ಟ ಅಥವಾ ಮಂದಮತಿ ಎಂಬ ಕಲ್ಪನೆ ತೀವ್ರ ಟೀಕೆಗೆ ಒಳಗಾಗಿದೆ. 2016ರ ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್ ಪುಸ್ತಕದಲ್ಲಿ ಆರ್ಕ್ ಪಾತ್ರದ ಬುದ್ಧಿಯ ಅಂಕದಿಂದ 2ನ್ನು ಕಳೆಯಲಾಗುತ್ತಿತ್ತು. ನಿಜ ಜೀವನದಲ್ಲಿ ಮನುಷ್ಯ ಸಮುದಾಯಗಳ ವಿರುದ್ಧ ಬಳಕೆಯಾದ ಪೂರ್ವಗ್ರಹಗಳ ಛಾಯೆ ಇಂತಹ ವರ್ಣನೆಗಳಲ್ಲಿದೆ ಎಂಬುದು ಟೀಕಾಕಾರರ ವಾದ. 2020ರ ಜೂನ್‌ನಲ್ಲಿ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಈ ಟೀಕೆಯನ್ನು ಗಮನಿಸಿ, ಆರ್ಕ್ ಮತ್ತು ಡ್ರೌ ಜನಾಂಗಗಳನ್ನು ಇತರ ಜನತೆಗಳಂತೆಯೇ ನೈತಿಕವಾಗಿ ಸಂಕೀರ್ಣವಾಗಿ ಚಿತ್ರಿಸುವುದಾಗಿ ತಿಳಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಪುಸ್ತಕವು ಜನಾಂಗದ ಅಂಕಗಳನ್ನು ಆಟಗಾರರು ತಮಗೆ ಬೇಕಾದ ಸಾಮರ್ಥ್ಯಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶ ನೀಡಿತು. 2024ರ ಕೈಪಿಡಿಯಲ್ಲಿ ಜನಾಂಗ ಎಂಬ ಪದದ ಬದಲಿಗೆ ಪ್ರಭೇದ ಎಂಬರ್ಥದ ಪದ ಬಂದಿದೆ; ಸಾಮರ್ಥ್ಯದ ಹೆಚ್ಚಳವು ಪಾತ್ರದ ಹಿನ್ನೆಲೆಗೆ ಸೇರಿದೆ; ಆರ್ಕ್ ಅದರ 10 ಪ್ರಭೇದಗಳಲ್ಲಿ ಒಂದಾಗಿದೆ.

ಈ ಬದಲಾವಣೆಯನ್ನು ಎಲ್ಲರೂ ಒಪ್ಪಿಲ್ಲ. ದೇಹರಚನೆ, ಆಯುಸ್ಸು, ನೆಲೆಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಎಲ್ಲ ಜನಾಂಗಗಳೂ ವೇಷ ಬದಲಿಸಿದ ಮನುಷ್ಯರಾಗುತ್ತವೆ ಎಂಬುದು ಒಂದು ಆಕ್ಷೇಪ. ಬಾಲ, ಕೊಂಬು, ರೆಕ್ಕೆಗಳಂತಹ ದೇಹಲಕ್ಷಣಗಳನ್ನು ಉಳಿಸಿಕೊಂಡು, ಗುಣಾವಗುಣಗಳನ್ನು ವ್ಯಕ್ತಿಗೂ ಸಮಾಜಕ್ಕೂ ಬಿಡುವುದು ಇವೆರಡರ ನಡುವಿನ ಮಾರ್ಗ. ವಾಲಿ, ಸುಗ್ರೀವ, ಹನುಮಂತ ಮೂವರೂ ವಾನರರೇ; ಆದರೆ ಒಬ್ಬನಂತೆ ಇನ್ನೊಬ್ಬನಿಲ್ಲ.