ಪಾರ್ಕಿನ ಗೇಟಿಗೊಂದು ಲೆಕ್ಕದ ಬೋರ್ಡು

ನಮ್ಮ ಬಡಾವಣೆಯ ಪಾರ್ಕಿಗೆ ಹೊಸದಾಗಿ ಬಂದ ಸಿಮೆಂಟ್ ಬೆಂಚು ನನ್ನಂಥ ಮಂಡಿನೋವಿನವಳಿಗೆ ದೊಡ್ಡ ಉಪಕಾರ. ಒಂದು ಸುತ್ತಿಗೇ ಮನೆ ದಾರಿ ಹಿಡಿಯುತ್ತಿದ್ದವಳು ಈಗ ಕೂತು ದಣಿವಾರಿಸಿಕೊಂಡು ಮತ್ತೊಂದು ಸುತ್ತು ಹಾಕುತ್ತೇನೆ. ಕಾರಂಜಿ, ಕಮಾನು ಯಾರಿಗೆ ಬೇಕು? ನೆರಳಿಗೆ ನಾಲ್ಕು ಹೊಂಗೆ ಮರ, ಸಂಜೆ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವಷ್ಟು ಬೆಳಕು ಇದ್ದರೆ ಪಾರ್ಕು ತುಂಬುತ್ತದೆ.

"ಬೆಂಚಿಗೆ ಎಷ್ಟಾಯಿತಂತೆ?" ಎಂದರೆ ಜೊತೆಯಲ್ಲಿ ನಡೆಯುವವರು, "ಸರ್ಕಾರದ ದುಡ್ಡು, ನಮಗ್ಯಾಕೆ ಬಿಡಕ್ಕ" ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮನೆ ಕಂದಾಯ ಕಟ್ಟುವವರು ನಾವೇ ಅಲ್ಲವೇ?

ನಮ್ಮ ತಾಲ್ಲೂಕಿನ ಹಳ್ಳಿಯವರಿಗೆ ಇಂಥದ್ದನ್ನು ಕೇಳಲು ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ದೊಡ್ಡ ನಗರಗಳಿಗೆ ವಾರ್ಡ್ ಸಮಿತಿ ಇದೆ. ಆದರೆ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಸುಮಾರು 40 ಸಾವಿರ ಜನರಿದ್ದ ನಮ್ಮ ಮಾಲೂರು ಅತ್ತ ಹಳ್ಳಿಯೂ ಅಲ್ಲ, ಇತ್ತ ಆ ಲೆಕ್ಕದ ನಗರವೂ ಅಲ್ಲ.

ನಮ್ಮ ಕೈಲಿರುವುದು 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕ, ಕನ್ನಡದಲ್ಲೇ ಅರ್ಜಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. "ಪಾರ್ಕಿನ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಪಾವತಿಸಿದ ಬಿಲ್ಲಿನ ನಕಲು ಕೊಡಿ" ಎಂದು ಬರೆದರೆ ಸಾಕು. ಇವುಗಳಲ್ಲಿ ಅಳತೆ ಪುಸ್ತಕವೇ ಮುಖ್ಯ. ಎಷ್ಟು ಮೀಟರ್ ದಾರಿ, ಎಷ್ಟು ದಪ್ಪದ ಕಾಂಕ್ರೀಟ್ ಎಂದು ಎಂಜಿನಿಯರ್ ಬರೆದಿರುವುದು ಅದರಲ್ಲೇ. ನಾವೂ ಟೇಪು ಹಿಡಿದು ನೋಡಬಹುದು. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಈ ಕಾಯ್ದೆಯಲ್ಲಿದೆ. ಇಟ್ಟಿಗೆ, ಹೆಂಚು ಸುಟ್ಟು ಹೆಸರು ಮಾಡಿದ ಊರಿನವರಿಗೆ ಸಾಮಗ್ರಿಯ ಗುಣ ಬೇರೆಯವರು ಹೇಳಿಕೊಡಬೇಕಿಲ್ಲ. ಉತ್ತರಕ್ಕೆ 30 ದಿನ ಗಡುವು. ಬಾರದಿದ್ದರೆ ಮೇಲ್ಮನವಿ.

ಕೇಳಿದ್ದರಿಂದಲೇ ಜಾಗ ಉಳಿದದ್ದೂ ಉಂಟು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಆಗ ಮಾಹಿತಿ ಹಕ್ಕಿನ ಕಾಯ್ದೆ ಇನ್ನೂ ಬಂದಿರಲಿಲ್ಲ.

ಅರ್ಜಿಯೇ ಬೇಕಾಗದಂತೆ ಮಾಡುವುದು ಇನ್ನೂ ಸುಲಭ. ಜನ ಕೇಳುವ ಮೊದಲೇ ಬಜೆಟ್ಟು, ಖರ್ಚಿನ ವಿವರ ಪ್ರಕಟಿಸಬೇಕು ಎಂದು ಇದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಪ್ರತಿ ಪಾರ್ಕಿನ ಗೇಟಿನಲ್ಲೂ ಮೊತ್ತ, ಗುತ್ತಿಗೆದಾರರ ಹೆಸರು, ಕೆಲಸ ಮುಗಿಯಬೇಕಾದ ದಿನ, ನಿರ್ವಹಣೆಯ ಅವಧಿ ಬರೆದ ಬೋರ್ಡು ನಿಲ್ಲಲಿ. ಪ್ರಾಮಾಣಿಕವಾಗಿ ಕೆಲಸ ಮಾಡಿದ ವಾರ್ಡ್ ಸದಸ್ಯರಿಗೂ ಎಂಜಿನಿಯರಿಗೂ ಅದಕ್ಕಿಂತ ಒಳ್ಳೆಯ ಪ್ರಚಾರವಿಲ್ಲ.

ಬಿಲ್ಲು ಪಾಸಾದ ಮೇಲೆ ಕೊರಗುವುದು ಬೇಡ. ನಿಮ್ಮ ಬೀದಿಯ ಪಾರ್ಕಿನಲ್ಲಿ ಜಲ್ಲಿ ಬಂದು ಬಿದ್ದ ದಿನವೇ ಅರ್ಜಿ ಕೊಡಿ, ಬಂದ ಉತ್ತರವನ್ನು ಗೇಟಿಗೆ ಅಂಟಿಸಿ.