ವಿಚಾರಣೆಗೆ ಮುಂಚಿನ ವಿಚಾರಣೆ

ಒಬ್ಬಾತನ ಮೇಲೆ ಕೊಲೆಯದೋ ದರೋಡೆಯದೋ ಆಪಾದನೆ ಬಂದಿದೆಯೆನ್ನೋಣ. ಪೊಲೀಸರು ಹಿಡಿದು ತಂದಿದ್ದಾರೆ. ಆತ ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ದೊಡ್ಡ ನ್ಯಾಯಾಲಯ ತೀರ್ಮಾನಿಸಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯುವುದುಂಟು. ಅಷ್ಟು ಕಾಲ ಆತನನ್ನು ಮೊಕದ್ದಮೆಯ ಭಯದಲ್ಲಿ, ಜಾಮೀನು ದೊರೆಯದಿದ್ದರೆ ಸೆರೆಮನೆಯಲ್ಲಿ, ಇರಿಸಲು ಸರ್ಕಾರದ ಬಳಿ ತಕ್ಕ ಆಧಾರವಿದೆಯೇ? ಈ ಪ್ರಶ್ನೆಯನ್ನು ಮೊದಲೇ ಕೇಳುವ ಏರ್ಪಾಡಿಗೆ ಅಮೆರಿಕದಲ್ಲಿ ಪ್ರಿಲಿಮಿನರಿ ಹಿಯರಿಂಗ್ ಎಂದು ಹೆಸರು. ನಾವು ಪ್ರಾಥಮಿಕ ವಿಚಾರಣೆ ಎನ್ನಬಹುದು.

ಆ ದೇಶದಲ್ಲಿ ಘೋರ ಅಪರಾಧಗಳನ್ನು ಫೆಲೊನಿ ಎನ್ನುತ್ತಾರೆ. ಸಣ್ಣಪುಟ್ಟ ತಪ್ಪುಗಳಿಗೆ ಈ ವಿಚಾರಣೆ ಸಾಮಾನ್ಯವಾಗಿ ಇಲ್ಲ. ಕೇಂದ್ರ ಸರ್ಕಾರದ ಕಾನೂನಿಗೆ ಸೇರಿದ ಫೆಲೊನಿ ಮೊಕದ್ದಮೆಗಳಲ್ಲಿ ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ಮಂಡಲಿ ಮುಚ್ಚಿದ ಬಾಗಿಲೊಳಗೆ ಸಾಕ್ಷ್ಯ ಕೇಳಿ ದೋಷಾರೋಪಕ್ಕೆ ಒಪ್ಪಿಗೆ ಕೊಡುತ್ತದೆ. ಅಲ್ಲಿ ಆಪಾದಿತನ ವಕೀಲರಿಗೆ ಪ್ರವೇಶವಿಲ್ಲ. ಆದರೆ ರಾಜ್ಯಗಳು ಈ ದಾರಿಯನ್ನೇ ಹಿಡಿಯಬೇಕಾಗಿಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 1884ರಲ್ಲಿಯೇ ಹೇಳಿತು. ಆ ತೀರ್ಪು ಬಂದದ್ದು ಕ್ಯಾಲಿಫೋರ್ನಿಯಾ ರಾಜ್ಯದ ಮೊಕದ್ದಮೆಯೊಂದರಲ್ಲಿ. ಅದೇ ರಾಜ್ಯದ ಪದ್ಧತಿಯನ್ನು ನೋಡೋಣ.

ಅಲ್ಲಿ ಆಪಾದಿತನನ್ನು ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಆಪಾದನೆ ತಿಳಿಸುತ್ತಾರೆ. ಆತ ಬಯಸಿದರೆ ಅಲ್ಲಿಂದ ನ್ಯಾಯಾಲಯದ 10 ಕೆಲಸದ ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಯತಕ್ಕದ್ದು. ಜ್ಯೂರಿ ಇರುವುದಿಲ್ಲ, ಬಾಗಿಲು ಸಾಮಾನ್ಯವಾಗಿ ತೆರೆದಿರುತ್ತದೆ. ಸರ್ಕಾರಿ ವಕೀಲರು ಸಾಕ್ಷಿಗಳನ್ನು ಕರೆಸುತ್ತಾರೆ. ಆಪಾದಿತನ ವಕೀಲರು ಪಾಟೀಸವಾಲು ಹಾಕುತ್ತಾರೆ. ಈ ಹಂತದಲ್ಲಿಯೂ ವಕೀಲರ ನೆರವು ಆಪಾದಿತನ ಹಕ್ಕೆಂದು ಸುಪ್ರೀಂ ಕೋರ್ಟು 1970ರಲ್ಲಿ ತೀರ್ಮಾನಿಸಿತು. ಅನುಭವಸ್ಥ ವಕೀಲರಿಗೆ ಈ ಪಾಟೀಸವಾಲೇ ಮುಖ್ಯ. ಗೆಲ್ಲುವ ಆಸೆ ಹೆಚ್ಚಿರುವುದಿಲ್ಲ. ಸಾಕ್ಷಿ ಈಗ ಪ್ರಮಾಣ ಮಾಡಿ ಹೇಳಿದ್ದನ್ನು ಮುಂದೆ ಬದಲಿಸಿದರೆ, ಬರೆದುಕೊಂಡ ಹೇಳಿಕೆ ಕೈಯಲ್ಲಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಮ್ಯಾಜಿಸ್ಟ್ರೇಟರು ಮೊಕದ್ದಮೆಯನ್ನು ಮೇಲಿನ ವಿಚಾರಣೆಗೆ ಒಪ್ಪಿಸಿದರೆಂದರೆ ಅಪರಾಧ ರುಜುವಾಯಿತೆಂದಲ್ಲ. ಸಾಮಾನ್ಯ ವಿವೇಕವುಳ್ಳವನಿಗೆ ಬಲವಾದ ಸಂಶಯ ಹುಟ್ಟಿಸುವಷ್ಟು ಸಾಕ್ಷ್ಯವಿದ್ದರೆ ಸಾಕು. ಅಂತಿಮ ವಿಚಾರಣೆಯಲ್ಲಾದರೋ ಸಕಾರಣವಾದ ಸಂಶಯ ಯಾವುದೂ ಉಳಿಯಕೂಡದು. ಒಂದು ಕಡೆ ಸಂಶಯ ಹುಟ್ಟಬೇಕು, ಇನ್ನೊಂದು ಕಡೆ ಸಂಶಯ ಅಳಿಯಬೇಕು! ಹಾಗೆಯೇ, ಈ ಹಂತದಲ್ಲಿ ಬಿಡುಗಡೆಯಾದವನು ನಿರಪರಾಧಿಯೆಂದು ತೀರ್ಪಾದಂತೆಯೂ ಅಲ್ಲ. ಸರ್ಕಾರ ಮತ್ತೊಮ್ಮೆ ಮೊಕದ್ದಮೆ ಹೂಡುವುದುಂಟು.

ಈ ಜರಡಿಯ ಕಣ್ಣು ಎಷ್ಟು ದೊಡ್ಡದೆಂಬುದಕ್ಕೆ ಲಾಸ್ ಏಂಜಲಿಸ್ ಕಡೆಯ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೊಕದ್ದಮೆ ಸಾಕ್ಷಿ. ಮಕ್ಕಳ ಮೇಲೆ ಅತ್ಯಾಚಾರ ನಡೆಯಿತೆಂಬ ಆಪಾದನೆಯಲ್ಲಿ ಏಳು ಜನ ಸಿಕ್ಕಿಕೊಂಡಿದ್ದರು. 1984ರಲ್ಲಿ ಆರಂಭವಾದ ಪ್ರಾಥಮಿಕ ವಿಚಾರಣೆಯೇ ಸುಮಾರು ಒಂದೂವರೆ ವರ್ಷ ಹಿಡಿಯಿತು. ಎಳೆಯ ಮಕ್ಕಳು ಒಬ್ಬರಾದ ಮೇಲೊಬ್ಬ ವಕೀಲರ ಪಾಟೀಸವಾಲಿಗೆ ದಿನಗಟ್ಟಲೆ ಉತ್ತರ ಹೇಳಬೇಕಾಯಿತು. 1986ರ ಜನವರಿಯಲ್ಲಿ ನ್ಯಾಯಾಧೀಶರು ಏಳು ಜನರನ್ನೂ ಮುಂದಿನ ವಿಚಾರಣೆಗೆ ಒಪ್ಪಿಸಿದರು. ಕೆಲವೇ ದಿನಗಳಲ್ಲಿ, ಸಾಕ್ಷ್ಯ ತೀರ ದುರ್ಬಲವೆಂದು ಸರ್ಕಾರಿ ವಕೀಲರೇ ಐವರನ್ನು ಕೈಬಿಟ್ಟರು! ಉಳಿದಿಬ್ಬರ ಮೇಲೂ 1990ರ ವೇಳೆಗೆ ಒಂದೇ ಒಂದು ಅಪರಾಧವೂ ರುಜುವಾಗಲಿಲ್ಲ. ಅವರಲ್ಲೊಬ್ಬರು ಆ ಹೊತ್ತಿಗೆ ಸುಮಾರು ಐದು ವರ್ಷ ಸೆರೆಯಲ್ಲಿದ್ದರು. ಆ ವರ್ಷಗಳನ್ನು ಯಾರು ಹಿಂದಿರುಗಿಸಿ ಕೊಟ್ಟಾರು?

ಅದೇ 1990ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪದ್ಧತಿಯನ್ನು ಮೊಟಕು ಮಾಡಿದರು. ಸಾಕ್ಷಿ ತನಗೆ ಏನು ಹೇಳಿದನೆಂಬುದನ್ನು ಅನುಭವಸ್ಥ ಅಥವಾ ತರಬೇತಿ ಪಡೆದ ಪೊಲೀಸ್ ಅಧಿಕಾರಿಯೇ ಬಂದು ಹೇಳಬಹುದಾಯಿತು. ನೊಂದವರು ಎರಡೆರಡು ಸಲ ಕೋರ್ಟು ಹತ್ತುವುದು ತಪ್ಪಿತು. ಆದರೆ ಮೂಲ ಸಾಕ್ಷಿಯನ್ನು ಅಲ್ಲಿಯೇ ಒರೆಗೆ ಹಚ್ಚುವ ಅವಕಾಶವೂ ಹೋಯಿತು. ಈ ವಿನಿಮಯ ಆಪಾದಿತನಿಗೆ ಅಗ್ಗದ್ದಲ್ಲವೆಂದೇ ನನ್ನ ಎಣಿಕೆ.

ಈ ತೊಡಕು ನಮಗೂ ಹೊಸದಲ್ಲ. 1898ರ ಸಂಹಿತೆಯ ಕಾಲದಲ್ಲಿ ನಮ್ಮ ಮ್ಯಾಜಿಸ್ಟ್ರೇಟರೂ ಸಾಕ್ಷ್ಯ ಕೇಳಿದ ಮೇಲೆಯೇ ಮೊಕದ್ದಮೆಯನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಿದ್ದರು. 1955ರ ತಿದ್ದುಪಡಿ ಪೊಲೀಸ್ ಮೊಕದ್ದಮೆಗಳಲ್ಲಿ ಅದನ್ನು ಮುಖ್ಯವಾಗಿ ಕಣ್ಣಾರೆ ಕಂಡ ಸಾಕ್ಷಿಗಳಿಗೆ ಸೀಮಿತಗೊಳಿಸಿತು. 1974ರ ಏಪ್ರಿಲ್ 1ರಿಂದ ಆ ವಿಚಾರಣೆಯೇ ನಿಂತಿತು. ವಕೀಲರು "ಕಮಿಟ್ ಆಯಿತು" ಎನ್ನುವ ಮಾತು ಮಾತ್ರ ಉಳಿದಿದೆ. ಮ್ಯಾಜಿಸ್ಟ್ರೇಟರು ಈಗ ಕಾಗದಪತ್ರಗಳ ನಕಲು ಕೊಟ್ಟು ಮೊಕದ್ದಮೆಯನ್ನು ಮೇಲಕ್ಕೆ ಕಳುಹಿಸುತ್ತಾರೆ. ಆಧಾರವಿದೆಯೇ ಎಂಬ ಪ್ರಶ್ನೆಯನ್ನು ಸೆಷನ್ಸ್ ನ್ಯಾಯಾಧೀಶರು ದಾಖಲೆಗಳನ್ನು ನೋಡಿ ನಿರ್ಧರಿಸುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಆಧಾರವಿಲ್ಲವೆಂದು ಬಿಡುಗಡೆ ಕೋರುವ ಆಪಾದಿತನು ಮೊಕದ್ದಮೆಯನ್ನು ಹಾಗೆ ಒಪ್ಪಿಸಿದ ದಿನದಿಂದ 60 ದಿನಗಳೊಳಗೆ ಅರ್ಜಿ ಹಾಕಿಕೊಳ್ಳಬೇಕು.