ಆಟಕ್ಕೆ ಮೊದಲು ಮಣೆ: ವಿಡಿಯೋ ಗೇಮಿಗೆ ಹೊಸಬರಾದವರ ಆಯ್ಕೆ

ಕನ್ನಡದಲ್ಲಿ ಅಳಗುಳಿಮಣೆ ಎಂದೂ ತಮಿಳಿನಲ್ಲಿ ಪಲ್ಲಾಂಗುಳಿ ಎಂದೂ ಕರೆಯಲಾಗುವ ಆಟಕ್ಕೆ ಬೇಕಾದ ಸಾಮಗ್ರಿ ಬಹಳ ಕಡಿಮೆ. ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳು ಮತ್ತು ಕೆಲವು ಹಿಡಿ ಹುಣಸೆಬೀಜ ಅಥವಾ ಕವಡೆ. ಮರದ ಮಣೆ ಇಲ್ಲದವರು ನೆಲದಲ್ಲಿಯೇ ಗುಳಿ ತೋಡಿ ಆಡಬಹುದು. ಹುಲಿ-ಕುರಿ ಆಟಕ್ಕೆ ಕಲ್ಲುಚಪ್ಪಡಿಯ ಮೇಲೆ ಎಳೆದ ಗೆರೆಗಳೇ ಸಾಕು. ಪಗಡೆಗೆ ಬಟ್ಟೆಯ ಹಾಸು ಬೇಕು. ಮರಾಠಿಯಲ್ಲಿ ಆ ಹಾಸಿನಿಂದಲೇ ಆಟಕ್ಕೆ ಸಾರೀಪಾಟವೆಂಬ ಹೆಸರಿದೆ. ಈ ಆಟಗಳಲ್ಲಿ ಮಣೆ ಯಾರದೇ ಆಗಿರಲಿ, ಆಟ ಎಲ್ಲರದಾಗಿತ್ತು. ವಿಡಿಯೋ ಗೇಮುಗಳಲ್ಲಿ ಈ ಸಂಬಂಧ ಬದಲಾಗಿದೆ. ಇಲ್ಲಿ 'ಪ್ಲಾಟ್‌ಫಾರ್ಮ್' ಎಂದು ಕರೆಯುವುದನ್ನು ಆಟದ ಮಣೆ ಎಂದರೆ ತಪ್ಪಾಗದು. ಆದರೆ ಅದರ ಮೇಲೆ ಯಾವ ಆಟ ಆಡಬಹುದು, ಅದನ್ನು ಯಾವ ಅಂಗಡಿಯಿಂದ ಕೊಳ್ಳಬೇಕು, ಮಾರಾಟದಲ್ಲಿ ಪಾಲೆಷ್ಟು ಎಂಬುದನ್ನೆಲ್ಲ ಮಣೆಯನ್ನು ಮಾಡಿದ ಕಂಪನಿಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ಹೊಸಬರಿಗೆ ಆಟದ ಆಯ್ಕೆಗಿಂತ ಮಣೆಯ ಆಯ್ಕೆಯೇ ಹೆಚ್ಚು ವಿಚಾರಾರ್ಹವಾದುದು.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಈ ವಿಚಾರ ದೂರದ್ದೇನಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದೀಪಾವಳಿಯ ಬೋನಸ್ ಕೈಗೆ ಬರುವ ಕಾಲವೇ ಮೊಬೈಲ್, ಟಿ.ವಿ. ಮೊದಲಾದವುಗಳ ಖರೀದಿಯ ಕಾಲ. ಕಂತಿನ ಸೌಲಭ್ಯವಿದ್ದರಂತೂ ದುಬಾರಿ ವಸ್ತುವೂ ಅಗ್ಗವಾಗಿ ತೋರುತ್ತದೆ. ಈ ಭಾಗದ ಕನ್ನಡ ಮನೆಮಾತಿನ ದೇವಾಂಗ ನೇಕಾರ ಕುಟುಂಬಗಳಿಗೆ ತಿಳಿದಿರುವ ಒಂದು ವಿವೇಕವನ್ನು ಇಲ್ಲಿ ನೆನೆಯಬಹುದು. ಮಗ್ಗದ ಬೆಲೆಯೊಂದನ್ನೇ ನೋಡಿ ಯಾರೂ ಮಗ್ಗ ಕೊಳ್ಳುವುದಿಲ್ಲ. ನೂಲಿನ ಬೆಲೆ, ವಿದ್ಯುತ್ತು, ರಿಪೇರಿ, ಜಾಗ ಇವೆಲ್ಲವನ್ನೂ ಲೆಕ್ಕ ಹಾಕಿಯೇ ಕೊಳ್ಳುತ್ತಾರೆ. ಆಟದ ಮಣೆಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕೈಯಲ್ಲಿರುವ ಮೊಬೈಲ್

ಬಹುತೇಕ ಹೊಸಬರ ಮೊದಲ ಮಣೆ ಮೊಬೈಲ್. ಅದು ಈಗಾಗಲೇ ಕೈಯಲ್ಲಿರುವುದರಿಂದ ಪ್ರತ್ಯೇಕ ಖರ್ಚಿಲ್ಲ. ಆಟಗಳಲ್ಲಿ ಹೆಚ್ಚಿನವು ಉಚಿತ. ಆದರೆ ಉಚಿತವೆಂಬುದು ಇಲ್ಲಿ ಪ್ರವೇಶಕ್ಕೆ ಮಾತ್ರ ಸಂಬಂಧಿಸಿದ ಮಾತು. ವೇಷಭೂಷಣ, ಆಯುಧ, ಬೇಗ ಮುಂದಿನ ಹಂತಕ್ಕೆ ಹೋಗುವ ಅನುಕೂಲ ಮೊದಲಾದವನ್ನು ಆಟದೊಳಗೇ ಮಾರಲಾಗುತ್ತದೆ. ಒಳಗೇನಿದೆ ಎಂದು ತಿಳಿಯದ ಅದೃಷ್ಟದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಪದ್ಧತಿಯನ್ನು ಬೆಲ್ಜಿಯಂ ದೇಶ 2018ರಲ್ಲಿ ಜೂಜೆಂದೇ ಪರಿಗಣಿಸಿತು.

ಹೀಗೆ ಕೊಂಡದ್ದು ಆಟಗಾರನ ಶಾಶ್ವತ ಆಸ್ತಿಯೂ ಅಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅವುಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಅದರ ಭಾರತೀಯ ರೂಪವಾಗಿ 2021ರಲ್ಲಿ ಬಂದ ಆಟವೂ 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮರೆಯಾಗಿ, 2023ರಲ್ಲಿ ಮರಳಿತು. ಆಟ ಇರುವುದೂ ಇಲ್ಲವಾಗುವುದೂ ಆಟಗಾರನ ಕೈಯಲ್ಲಿಲ್ಲ ಎಂಬುದಕ್ಕೆ ಇದು ನಿದರ್ಶನ.

ಇಲ್ಲಿ ಇನ್ನೊಂದು ಗೆರೆಯನ್ನು ಸ್ಪಷ್ಟವಾಗಿ ಗುರುತಿಸಬೇಕು. ಹಣ ಕೊಟ್ಟು ಆಡುವ ಆಟ ಬೇರೆ. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟ ಬೇರೆ. ಎರಡನೆಯದರಿಂದ ಸಾಲದಲ್ಲಿ ಮುಳುಗಿದವರ, ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಗಳು ತಮಿಳುನಾಡನ್ನು ಕಲಕಿದ್ದವು. ಆನ್‌ಲೈನ್ ಜೂಜನ್ನು ನಿಷೇಧಿಸುವ ರಾಜ್ಯದ ಕಾನೂನಿಗೆ 2023ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ಅಂಕಿತ ದೊರೆಯಿತು. ಬಳಿಕ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಚಾತುರ್ಯದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡಿಸುವುದನ್ನು ಅದು ನಿಷೇಧಿಸುತ್ತದೆ. 'ಸುಲಭವಾಗಿ ಗಳಿಸಿ' ಎಂದು ಕರೆಯುವ ಆ್ಯಪ್ ಯಾವುದೇ ಆಗಿರಲಿ, ಹೊಸಬರು ಅದನ್ನು ವಿಡಿಯೋ ಗೇಮುಗಳ ಸಾಲಿನಲ್ಲಿ ಎಣಿಸಲೇಬಾರದು.

ಮನೆಯ ಕಂಪ್ಯೂಟರ್

ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು 2011ರಲ್ಲಿ ಆರಂಭಿಸಿತು. ಆ ಬಗೆಯ ಸಾಧಾರಣ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಎರಡನೆಯ ಮಣೆಯೂ ಸಿದ್ಧವಿದೆ ಎಂದೇ ಅರ್ಥ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಹೊಸ ಭಾರೀ ಆಟಗಳು ಓಡುವುದಿಲ್ಲ, ನಿಜ. ಆದರೆ ಹಳೆಯ ಆಟಗಳು, ಒಗಟಿನ ಆಟಗಳು, ಚದುರಂಗ, ಸಣ್ಣ ತಂಡಗಳು ರಚಿಸಿದ ಹಗುರವಾದ ಆಟಗಳು ಸಲೀಸಾಗಿ ನಡೆಯುತ್ತವೆ.

ಕಂಪ್ಯೂಟರಿನ ದೊಡ್ಡ ಅನುಕೂಲವೆಂದರೆ ಅಂಗಡಿಗಳು ಹಲವು ಇರುವುದು. 2003ರಲ್ಲಿ ಆರಂಭವಾದ ಸ್ಟೀಮ್ ಇವುಗಳಲ್ಲಿ ಹಳೆಯದು. ಕೊಂಡ 14 ದಿನಗಳೊಳಗೆ, ಆಡಿದ ಅವಧಿ ಎರಡು ಗಂಟೆಗಿಂತ ಕಡಿಮೆಯಿದ್ದರೆ, ಆಟವನ್ನು ಮರಳಿಸಿ ಹಣ ಹಿಂಪಡೆಯಲು ಅಲ್ಲಿ ಅವಕಾಶವಿದೆ. ತನ್ನ ರುಚಿ ಯಾವುದೆಂದು ಇನ್ನೂ ತಿಳಿಯದ ಹೊಸಬರಿಗೆ ಇದು ದೊಡ್ಡ ಆಸರೆ. ಎಪಿಕ್ ಅಂಗಡಿ 2018ರಿಂದಲೂ ಕೆಲವು ಆಟಗಳನ್ನು ಉಚಿತವಾಗಿ ನೀಡುತ್ತ ಬಂದಿದೆ.

ಆಟಕ್ಕೆಂದೇ ಇರುವ ಪೆಟ್ಟಿಗೆ

ಟಿ.ವಿ.ಗೆ ಜೋಡಿಸಿ ಆಡುವ ಪೆಟ್ಟಿಗೆಯನ್ನು ಕನ್ಸೋಲ್ ಎನ್ನುತ್ತಾರೆ. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್ ಇವು ಪ್ರಸಿದ್ಧವಾದವು. ಹಾಕಿದೊಡನೆ ಆಡಬಹುದಾದ ಸರಳತೆ, ಒಂದೇ ಟಿ.ವಿ.ಯ ಮುಂದೆ ಮನೆಮಂದಿಯೆಲ್ಲ ಕೂಡಿ ಆಡುವ ಸಂತೋಷ ಇವುಗಳ ವಿಶೇಷ.

ಇವುಗಳ ಅರ್ಥಶಾಸ್ತ್ರವನ್ನು ತಿಳಿಯಬೇಕು. ಕಂಪನಿಗಳು ಪೆಟ್ಟಿಗೆಯಲ್ಲಿ ಹೆಚ್ಚು ಲಾಭ ಇಟ್ಟುಕೊಳ್ಳುವುದಿಲ್ಲ. ಕೆಲವೊಮ್ಮೆ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಗೂ ಮಾರುವುದುಂಟು. ಲಾಭ ಬರುವುದು ಮುಂದೆ ಮಾರಾಟವಾಗುವ ಆಟಗಳಿಂದ. ಅವುಗಳ ಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಷ್ಟು ಮಣೆಯ ಒಡೆಯರಿಗೆ ಸೇರುತ್ತದೆ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಹಾಕಬಹುದಾದ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ 39,990 ರೂಪಾಯಿ ಇತ್ತು. ಆಗ ಸೋನಿಯ ದೊಡ್ಡ ಆಟವೊಂದರ ಬೆಲೆ 4,999 ರೂಪಾಯಿ. ಅಂದರೆ ಹತ್ತು ಹೊಸ ಆಟ ಕೊಂಡರೆ ಇನ್ನೊಂದು ಪೆಟ್ಟಿಗೆಯ ಹಣ ಖರ್ಚಾದಂತೆ. ಹತ್ತು ಸಾವಿರ ಉಳಿಯಿತೆಂದು ಡಿಸ್ಕ್ ಇಲ್ಲದ ಮಾದರಿಯನ್ನು ಕೊಂಡವರು ಹಳೆಯ ಡಿಸ್ಕನ್ನು ಅಗ್ಗಕ್ಕೆ ಕೊಳ್ಳುವ, ಗೆಳೆಯರಿಂದ ಎರವಲು ಪಡೆಯುವ, ಆಡಿ ಮುಗಿಸಿ ಮಾರುವ ಮೂರು ಅನುಕೂಲಗಳನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಎಕ್ಸ್‌ಬಾಕ್ಸ್‌ನ ಸೀರೀಸ್ ಎಸ್ ಮಾದರಿಗೂ ಇದೇ ಮಿತಿಯಿದೆ. ನಿಂಟೆಂಡೊದ ಪೆಟ್ಟಿಗೆಗಳು ಬಹುಕಾಲ ಭಾರತದಲ್ಲಿ ಅಧಿಕೃತ ಮಾರಾಟವಿಲ್ಲದೆ ಹೊರಗಿನಿಂದ ತರಿಸಿದ ಸರಕಾಗಿಯೇ ದೊರೆತಿವೆ. ಅಂತಹ ಸರಕನ್ನು ಕೊಳ್ಳುವ ಮೊದಲು ಕೆಟ್ಟರೆ ರಿಪೇರಿ ಯಾರ ಹೊಣೆ ಎಂದು ವಿಚಾರಿಸುವುದು ಒಳ್ಳೆಯದು.

ಕಾಣದ ಖರ್ಚುಗಳು

ಇಂದಿನ ದೊಡ್ಡ ಆಟವೊಂದು 100 ಜಿಬಿಯಷ್ಟಿರುವುದು ಅಪರೂಪವಲ್ಲ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಯೋಜನೆಯಲ್ಲಿ, ಬೇರಾವ ಉಪಯೋಗಕ್ಕೂ ಮುಟ್ಟದಿದ್ದರೆ, ಅದನ್ನು ಇಳಿಸಿಕೊಳ್ಳಲು 50 ದಿನ ಬೇಕು. ಮನೆಗೆ ಬ್ರಾಡ್‌ಬ್ಯಾಂಡ್ ಇಲ್ಲದವರಿಗೆ ಡಿಸ್ಕ್ ಇಲ್ಲದ ಪೆಟ್ಟಿಗೆ ಸಲ್ಲದು.

ವಿದ್ಯುತ್ತಿನ ಲೆಕ್ಕವೂ ಉಂಟು. ಭಾರೀ ಆಟ ನಡೆಯುವಾಗ ದೊಡ್ಡ ಕನ್ಸೋಲ್ ಸುಮಾರು 200 ವ್ಯಾಟ್ ಬಳಸುತ್ತದೆ. ದಿನಕ್ಕೆ ಎರಡು ಗಂಟೆಯಂತೆ ಎರಡು ತಿಂಗಳಿಗೆ 24 ಯೂನಿಟ್ ಆಗುತ್ತದೆ, ಟಿ.ವಿ.ಯದು ಬೇರೆ. ತಮಿಳುನಾಡಿನ ಮನೆಗಳಿಗೆ ಎರಡು ತಿಂಗಳಿಗೆ ದೊರೆಯುವ 100 ಉಚಿತ ಯೂನಿಟ್‌ಗಳಲ್ಲಿ ಅದು ಸುಮಾರು ಕಾಲುಭಾಗ. ಆಟ ನಡುವಿರುವಾಗ ಕರೆಂಟು ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿಯ ರಕ್ಷಣೆಯಿದೆ, ಕನ್ಸೋಲಿಗೆ ಇಲ್ಲ. ಮನೆಯಲ್ಲಿ ಯುಪಿಎಸ್ ಇಲ್ಲದವರು ಇದನ್ನೂ ಗಮನಿಸಬೇಕು. ಕನ್ಸೋಲ್‌ನಲ್ಲಿ ಹಣ ಕೊಟ್ಟು ಕೊಂಡ ಅನೇಕ ಆಟಗಳನ್ನು ಇತರರೊಡನೆ ಆನ್‌ಲೈನ್ ಆಡಲು ಪ್ರತ್ಯೇಕ ಚಂದಾ ಕಟ್ಟಬೇಕಾಗುತ್ತದೆ.

ಭಾಷೆಯೂ ಒಂದು ಅಂಶ. ಕನ್ನಡದಲ್ಲಿ ಸೂಚನೆಗಳಿರುವ ಆಟ ಇಂದಿಗೂ ಅಪರೂಪ. ತಮಿಳಿನ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಕಥಾಪ್ರಧಾನ ಆಟಗಳಲ್ಲಿ ಇಂಗ್ಲಿಷ್ ಸಂಭಾಷಣೆ ವೇಗವಾಗಿ ಸಾಗುತ್ತದೆ. ಮಾತಿಗಿಂತ ನೋಟಕ್ಕೆ, ತರ್ಕಕ್ಕೆ ಪ್ರಾಧಾನ್ಯವಿರುವ ಓಟ, ಒಗಟು, ಕ್ರೀಡೆಗಳ ಆಟಗಳಿಂದ ಆರಂಭಿಸಿದರೆ ಮನೆಯ ಹಿರಿಯರೂ ಜೊತೆಗೂಡಬಹುದು.

ಆಯ್ಕೆಯ ಕ್ರಮ

ಹೊಸಬರು ಅನುಸರಿಸಬಹುದಾದ ಕ್ರಮ ಸರಳವಾದುದು. ಮೊದಲ ಎರಡು-ಮೂರು ತಿಂಗಳು ಕೈಯಲ್ಲಿರುವ ಮೊಬೈಲ್ ಅಥವಾ ಲ್ಯಾಪ್‌ಟಾಪಿನಲ್ಲಿಯೇ ನಾಲ್ಕಾರು ಬಗೆಯ ಆಟಗಳನ್ನು ಆಡಿ ನೋಡಬೇಕು. ಆಸಕ್ತಿ ಉಳಿದರೆ ಎರಡಕ್ಕೂ ಜೋಡಿಸಬಹುದಾದ ಒಂದು ಕಂಟ್ರೋಲರ್ ಕೊಂಡರೆ ಸಾಕು. ಪೆಟ್ಟಿಗೆಯ ಬೆಲೆಯ ಸಣ್ಣ ಭಾಗದಲ್ಲಿ ಅದರ ಅನುಭವ ದೊರೆಯುತ್ತದೆ. ಆ ಬಳಿಕವೂ ಕನ್ಸೋಲ್ ಬೇಕೆನಿಸಿದರೆ, ಆಡಲೇಬೇಕೆನಿಸುವ ಐದು ಆಟಗಳ ಹೆಸರನ್ನು ಬರೆದು, ಅವೆಲ್ಲ ಯಾವ ಮಣೆಯ ಮೇಲೆ ದೊರೆಯುತ್ತವೆ, ಗೆಳೆಯರ ಬಳಿ ಯಾವ ಮಣೆಯಿದೆ ಎಂದು ನೋಡಬೇಕು. ಪೆಟ್ಟಿಗೆ, ಐದು ಆಟ, ಒಂದು ವರ್ಷದ ಚಂದಾ, ಇಂಟರ್ನೆಟ್ ಇವುಗಳ ಒಟ್ಟು ಮೊತ್ತವನ್ನು ಒಂದೇ ಹಾಳೆಯಲ್ಲಿ ಬರೆದು ಮನೆಯವರ ಮುಂದಿಡಬೇಕು. ಆ ಮೊತ್ತವನ್ನು ಸಾಲವಿಲ್ಲದೆ ಭರಿಸಲು ಸಾಧ್ಯವಾದರೆ ಕೊಳ್ಳಬಹುದು. ಇಲ್ಲವಾದರೆ ಇನ್ನೊಂದು ವರ್ಷ ಲ್ಯಾಪ್‌ಟಾಪಿನಲ್ಲಿಯೇ ಆಡಬಹುದು. ಅಷ್ಟರಲ್ಲಿ ಇಂದಿನ ದುಬಾರಿ ಆಟಗಳಲ್ಲಿ ಹಲವು ಅರ್ಧ ಬೆಲೆಗೆ ಇಳಿದಿರುತ್ತವೆ.